ಎರಡು ಬೆಲ್ಟ್ ಬದಲಾಯಿಸಿದರೂ ಬೆಳಗಿನ ಕೀರಲು ನಿಂತಿಲ್ಲ, ಆಲ್ಟರ್ನೇಟರ್ ಬದಲಿಸಬೇಕೇ?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರ. ನನ್ನದು 2014ರ ಮಾಡೆಲ್, 1.2 ಲೀಟರ್ ಪೆಟ್ರೋಲ್ ಕಾರು, 78,000 ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿನಿಂದ 'ಕೀಂ...' ಅಂತ ಹತ್ತು ಹದಿನೈದು ಸೆಕೆಂಡ್ ಕಿರುಚುತ್ತದೆ, ಆಮೇಲೆ ನಿಲ್ಲುತ್ತದೆ. ಎಸಿ ಹಾಕಿದರೆ ಮತ್ತೆ ಒಂದು ಸಲ ಕೂಗುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಒಂದು ವರ್ಷದಲ್ಲಿ ಎರಡು ಸಲ ಬೆಲ್ಟ್ ಬದಲಾಯಿಸಿದೆ, ಎರಡನೆಯದು ಕಂಪನಿಯದ್ದೇ. ಎರಡೂ ಸಲ ಮೂರು ವಾರ ಚೆನ್ನಾಗಿತ್ತು, ಆಮೇಲೆ ಅದೇ ರಾಗ. ಮೆಕ್ಯಾನಿಕ್ ಏನೋ ಸ್ಪ್ರೇ ಹೊಡೆದರೆ ಎರಡು ದಿನ ಸುಮ್ಮನಿರುತ್ತದೆ. ಈಗ ಆಲ್ಟರ್ನೇಟರನ್ನೇ ಬದಲಿಸಬೇಕು ಅನ್ನುತ್ತಿದ್ದಾರೆ. ಕಾರು ಓಡಾಡುವುದು ವಾರಕ್ಕೊಂದು ಸಲ, ಸಂತೆಗೋ ಮದುವೆಗೋ. ಬ್ಯಾಟರಿ ಹಾಕಿ ಐದು ವರ್ಷ ಆಗಿರಬೇಕು. ನಾನೇ ಮನೆಯಲ್ಲಿ ಪರೀಕ್ಷೆ ಮಾಡಬಹುದೇ? ಮುಂದಿನ ವಾರ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದಿದೆ.

ಉತ್ತರ: ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ತಂಟೆಗೆ ಸದ್ಯಕ್ಕೆ ಹೋಗಬೇಡಿ. ಮೂರನೇ ಬೆಲ್ಟನ್ನೂ ಕೊಳ್ಳಬೇಡಿ. ನಿಮ್ಮ ಪತ್ರದ ಕೊನೆಯಲ್ಲಿ, ಮಾತಿಗೆ ಮಾತು ಸೇರಿಸಿದ ಹಾಗೆ ಎರಡು ಸಂಗತಿ ಬರೆದಿದ್ದೀರಿ: ಕಾರು ವಾರಕ್ಕೊಮ್ಮೆ ಮಾತ್ರ ಹೊರಡುತ್ತದೆ, ಬ್ಯಾಟರಿಗೆ ಐದು ವರ್ಷ. ನನ್ನ ಅನುಮಾನ ಮೊದಲು ಹೋಗಿದ್ದೇ ಅಲ್ಲಿಗೆ. ಎರಡೂ ಸಲ 'ಮೂರು ವಾರ ಚೆನ್ನಾಗಿತ್ತು' ಅನ್ನುವುದು ಇನ್ನೊಂದು ಸುಳಿವು. ಕೂಗುವುದು ಬೆಲ್ಟ್ ನಿಜ. ಆದರೆ ಗಾಡಿಗೆ ಹೊರಲಾರದಷ್ಟು ಹೇರಿದಾಗ ಕಿರುಗುಟ್ಟುವುದು ಅಚ್ಚು, ಹೇರಿದವನು ಬೇರೆ. ಅವನನ್ನು ಹಿಡಿಯದೆ ಬೆಲ್ಟ್ ಬದಲಿಸುತ್ತಾ ಹೋದರೆ ಕಾಸು ಖಾಲಿಯಾಗುತ್ತದೆ ಅಷ್ಟೇ.

ನಮ್ಮ ಕಡೆ ಇದಕ್ಕೆ ಈಗಲೂ 'ಫ್ಯಾನ್ ಬೆಲ್ಟ್' ಅಂತಲೇ ಹೆಸರು. ಅಂಬಾಸಡರ್, ಜೀಪಿನ ಕಾಲದಲ್ಲಿ ಎಂಜಿನ್ ಮುಂದಿನ ಫ್ಯಾನನ್ನು ತಿರುಗಿಸುತ್ತಿದ್ದುದು ಇದೇ ಬೆಲ್ಟ್. ನಿಮ್ಮ ಕಾರಿನ ಫ್ಯಾನು ಕರೆಂಟಿನಲ್ಲಿ ತಿರುಗುತ್ತದೆ, ಬೆಲ್ಟಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಹೆಸರು ಉಳಿದುಕೊಂಡಿದೆ, ಆಲ್ಟರ್ನೇಟರಿಗೆ ಇವತ್ತಿಗೂ 'ಡೈನಮೋ' ಅನ್ನುವ ಹಾಗೆ. ಈಗಿನದು ಒಳಮೈಯಲ್ಲಿ ಉದ್ದುದ್ದ ಗೀರುಗಳಿರುವ ಚಪ್ಪಟೆ ಬೆಲ್ಟ್. ಅದರ ಬೆನ್ನ ಮೇಲೆ 4PK ಅಥವಾ 6PK ಅಂತ ಬರೆದು ಮುಂದೆ ಒಂದು ಸಂಖ್ಯೆ ಹಾಕಿರುತ್ತಾರೆ. ಮೊದಲ ಅಂಕಿ ಏಣುಗಳ, ಅಂದರೆ ಗೀರುಗಳ ನಡುವೆ ಎದ್ದು ನಿಂತ ದಿಂಡುಗಳ ಲೆಕ್ಕ, ಕೊನೆಯದು ಮಿಲಿಮೀಟರಿನಲ್ಲಿ ಉದ್ದ. ಒಂದು ಏಣಿನಿಂದ ಇನ್ನೊಂದಕ್ಕೆ ಇರುವ ದೂರ 3.56 ಮಿ.ಮೀ. ಈ ಅಳತೆ ಮುಂದೆ ಬೇಕಾಗುತ್ತದೆ. ಎಂಜಿನ್ನಿನ ತಿರುಗುವ ದಂಡಕ್ಕೆ ಕೂರಿಸಿದ ಗಾಲಿ, ಅಂದರೆ ಕ್ರ್ಯಾಂಕ್ ಪುಲಿ, ಇದನ್ನು ಎಳೆಯುತ್ತದೆ, ಇದು ಆಲ್ಟರ್ನೇಟರನ್ನು, ಎಸಿ ಕಂಪ್ರೆಸರನ್ನು, ಎಷ್ಟೋ ಕಾರುಗಳಲ್ಲಿ ಎಂಜಿನ್ ತಣಿಸುವ ನೀರನ್ನು ಸುತ್ತಿಸುವ ವಾಟರ್ ಪಂಪನ್ನೂ ತಿರುಗಿಸುತ್ತದೆ. ಟೈಮಿಂಗ್ ಬೆಲ್ಟ್ ಅನ್ನುವುದು ಬೇರೆ ಜಾತಿ. ಅದು ಕವರ್ ಒಳಗೆ ಇರುತ್ತದೆ, ಹಲ್ಲಿರುತ್ತದೆ, ಕಡಿದರೆ ಎಷ್ಟೋ ಎಂಜಿನ್ನುಗಳಲ್ಲಿ ವಾಲ್ವುಗಳೇ ಬಾಗುತ್ತವೆ. ಎರಡನ್ನೂ ಕಲಸಿ ಹೇಳುವವರ ಮಾತು ನಂಬಬೇಡಿ.

ಸದ್ದು ಯಾಕೆ ಬರುತ್ತದೆ? ಒದ್ದೆ ಬೆರಳಿನಿಂದ ಕಿಟಕಿ ಗಾಜನ್ನು ಒತ್ತಿ ಉಜ್ಜಿ ನೋಡಿ. ಬೆರಳು ಒಂದು ಕ್ಷಣ ಕಚ್ಚುತ್ತದೆ, ಜಾರುತ್ತದೆ, ಮತ್ತೆ ಕಚ್ಚುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಕಚ್ಚಾಟ ಜಾರಾಟವೇ ಕೀರಲು. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ, ಕೇಳಲು ಹಿತ ಅಷ್ಟೇ. ಅಂದರೆ ಬೆಲ್ಟ್ ಕೀರಲಿತು ಎಂದರೆ ಯಾವುದೋ ಒಂದು ಪುಲಿಯ ಮೇಲೆ ಅದು ಜಾರುತ್ತಿದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡೇ: ಯಾವ ಪುಲಿಯ ಮೇಲೆ, ಯಾಕೆ?

ಹತ್ತರಲ್ಲಿ ಎಂಟು ಸಲ ಆ ಪುಲಿ ಆಲ್ಟರ್ನೇಟರಿನದು. ಅದಕ್ಕೆ ಕಾರಣ ತಿಳಿಯಲು ಹೋರಿ ಕಟ್ಟುವುದನ್ನು ನೆನಪಿಸಿಕೊಳ್ಳಿ. ಜಗ್ಗುವ ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿದರೆ ಒಂದೇ ಕೈಯಲ್ಲಿ ತಡೆಯಬಹುದು, ಅರ್ಧ ಸುತ್ತು ಮಾತ್ರ ಹಾಕಿದರೆ ಹಗ್ಗ ಸರಿದು ಅಂಗೈ ಸುಟ್ಟುಹೋಗುತ್ತದೆ. ಬೆಲ್ಟ್ ಪುಲಿಯನ್ನು ಎಷ್ಟು ದೂರ ಅಪ್ಪಿರುತ್ತದೆಯೋ ಅಷ್ಟು ಹಿಡಿತ. ಆಲ್ಟರ್ನೇಟರ್ ಪುಲಿ ಎಲ್ಲಕ್ಕಿಂತ ಚಿಕ್ಕದು, ಅಪ್ಪುಗೆಗೆ ಸಿಗುವ ಜಾಗವೂ ಕಡಿಮೆ. ಅದರ ಮೇಲೆ ಎಂಜಿನ್ನಿನ ಎರಡೂವರೆ ಮೂರು ಪಟ್ಟು ವೇಗದಲ್ಲಿ ತಿರುಗಬೇಕು. ಐಡ್ಲಿಂಗಿನಲ್ಲಿ ಎಂಜಿನ್ 750 ಸುತ್ತು ತಿರುಗುತ್ತಿದ್ದರೆ ಅದು 2,000 ಸುತ್ತಿನ ಆಸುಪಾಸಿನಲ್ಲಿರುತ್ತದೆ.

ಹೊರೆಯ ಲೆಕ್ಕ ನೋಡಿ. 70 ಆಂಪಿಯರ್ ಆಲ್ಟರ್ನೇಟರ್ ಪೂರ್ತಿ ದುಡಿಯುವಾಗ 14 ವೋಲ್ಟಿನಲ್ಲಿ 980 ವ್ಯಾಟ್ ಕೊಡುತ್ತದೆ. ಅಷ್ಟು ಕೊಡಲು ಬೆಲ್ಟಿನಿಂದ ಅದರ ಒಂದೂವರೆ ಪಟ್ಟಿಗಿಂತ ಹೆಚ್ಚು ಎಳೆದುಕೊಳ್ಳುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ನಿಮ್ಮ ತೋಟದ ಭಾಷೆಯಲ್ಲಿ ಹೇಳುವುದಾದರೆ ಎರಡು ಎಚ್‌ಪಿ ಮೋಟಾರಿನ ಕೆಲಸ. ಇಷ್ಟನ್ನೂ ಅಂಗೈ ಅಗಲದ ಒಂದು ಪುಟ್ಟ ಪುಲಿ, ಅದರ ಅರ್ಧ ಸುತ್ತಿನಷ್ಟು ರಬ್ಬರ್ ಹೊರಬೇಕು.

ಬ್ಯಾಟರಿ ತುಂಬಿದ್ದರೆ ಈ ಹೊರೆ ಬೀಳುವುದೇ ಇಲ್ಲ. ಸ್ಟಾರ್ಟರ್ ಕುಡಿದದ್ದನ್ನು ಸ್ವಲ್ಪ ಹೊತ್ತಿನಲ್ಲಿ ತುಂಬಿಸಿ ಆಲ್ಟರ್ನೇಟರ್ ಹಗುರಾಗುತ್ತದೆ. ನಿಮ್ಮ ಬ್ಯಾಟರಿ ಐದು ವರ್ಷದ್ದು, ವಾರವಿಡೀ ಕೊಟ್ಟಿಗೆ ಪಕ್ಕದಲ್ಲಿ ನಿಂತ ಕಾರಿನಲ್ಲಿ ಗಡಿಯಾರ, ಲಾಕು, ಕಂಪ್ಯೂಟರ್ ಎಲ್ಲಕ್ಕೂ ತೊಟ್ಟು ತೊಟ್ಟು ಕೊಟ್ಟಿರುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಬರಗಾಲದ ಹಸಿವಿನಿಂದ ಆಲ್ಟರ್ನೇಟರಿನ ಮೇಲೆ ಬೀಳುತ್ತದೆ. ಮಲೆನಾಡಿನ ರಾತ್ರಿಯ ಥಂಡಿಗೆ ಬೆಲ್ಟಿನ ಮೇಲೆ ಪಸೆ ಕೂತಿರುತ್ತದೆ, ರಬ್ಬರ್ ತಣ್ಣಗಿರುತ್ತದೆ. ಹೊರೆ ಹೆಚ್ಚು, ಹಿಡಿತ ಕಡಿಮೆ, ಹತ್ತು ಹದಿನೈದು ಸೆಕೆಂಡ್ ಕೂಗು. ಅಷ್ಟರಲ್ಲಿ ಪಸೆ ಆರುತ್ತದೆ, ಬ್ಯಾಟರಿಯ ಮೊದಲ ಹಸಿವು ಇಳಿಯುತ್ತದೆ, ಸದ್ದು ನಿಲ್ಲುತ್ತದೆ. ನಿಮ್ಮ ಕಾರಿನ ಲಕ್ಷಣಕ್ಕೆ ಇದು ಅಚ್ಚು ಹೊಡೆದಂತೆ ಹೊಂದುತ್ತದೆ.

ಇದು ಊಹೆ. ಖಾತ್ರಿ ಮಾಡಿಕೊಳ್ಳಲು ಒಂದು ಮಲ್ಟಿಮೀಟರ್ ಸಾಕು, ಮೋಟಾರ್ ರಿಪೇರಿಯವರ ಹತ್ತಿರ ಇದ್ದೇ ಇರುತ್ತದೆ. ಕಾರು ರಾತ್ರಿಯೆಲ್ಲ ನಿಂತ ಮೇಲೆ, ಬಾಗಿಲು ತೆಗೆದು ಹಾಕಿ ಗಲಾಟೆ ಮಾಡದೆ, ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. 12.6 ವೋಲ್ಟ್ ಇದ್ದರೆ ಹೊಟ್ಟೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.0 ಅಂದರೆ ತಳ ಕಾಣುತ್ತಿದೆ. ಇನ್ನೊಬ್ಬರು ಸ್ಟಾರ್ಟ್ ಮಾಡುವಾಗ ನೋಡುತ್ತಿರಿ, ಮುಳ್ಳು 9.6ಕ್ಕಿಂತ ಕೆಳಗೆ ಕುಸಿದರೆ ಆ ಬ್ಯಾಟರಿಯ ಆಯುಷ್ಯ ಮುಗಿದ ಹಾಗೆ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇದ್ದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ, ಅದನ್ನು ಬದಲಿಸುವ ಮಾತೇ ಬೇಡ. ಇನ್ನೂ ಸುಲಭದ ಪರೀಕ್ಷೆ ಒಂದಿದೆ: ರಾತ್ರಿ ಹೊರಗಿನ ಚಾರ್ಜರಿನಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡಿ. ಕೂಗು ಅರ್ಧಕ್ಕೆ ಇಳಿದರೂ ಕಳ್ಳ ಸಿಕ್ಕ.

ಬ್ಯಾಟರಿ ಒಂದೇ ಕಾರಣವಾಗಿದ್ದರೆ ಎಸಿ ಹಾಕಿದಾಗ ಮತ್ತೆ ಕೂಗಬಾರದಿತ್ತು. ಹೊಸ ಬೆಲ್ಟ್ ಹಾಕಿದ ಮೂರು ವಾರಕ್ಕೆ ಶುರುವಾಗುವುದೂ ಬ್ಯಾಟರಿಯ ಲಕ್ಷಣವಲ್ಲ. ಅಲ್ಲಿಗೆ ಬರುತ್ತೇನೆ, ಅದಕ್ಕೂ ಮೊದಲು ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ತೆಗೆದುಕೊಳ್ಳಿ.

ಕಾರನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಪಂಚೆ, ಶಾಲು, ಮಣಿಕಟ್ಟಿನ ದಾರ, ಕತ್ತಿನ ಸರ ಯಾವುದೂ ಇಳಿಬಿದ್ದಿರಬಾರದು. ಮಾತಿಗೆ ಹೇಳುತ್ತಿಲ್ಲ, ಓಡುವ ಬೆಲ್ಟಿಗೆ ತೋಳಿನ ಗುಂಡಿ ಸಿಕ್ಕಿದವರನ್ನು ಕಣ್ಣಾರೆ ನೋಡಿದ್ದೇನೆ. ಸದ್ದು ಬರುತ್ತಿರುವಾಗ ಒಂದು ಮೊಳ ದೂರದಿಂದ ಬೆಲ್ಟಿನ ಏಣಿರುವ ಮುಖಕ್ಕೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ತಕ್ಷಣ ನಿಂತು, ಕೆಲವು ಸೆಕೆಂಡಿಗೆ ಮತ್ತೆ ಬಂದರೆ ಪುಲಿಗಳು ಒಂದೇ ನೇರದಲ್ಲಿಲ್ಲ. ನೀರು ಬಿದ್ದ ಕೂಡಲೇ ಸದ್ದು ಇನ್ನೂ ಜೋರಾದರೆ ಬೆಲ್ಟ್ ಸಡಿಲ, ಬಿಗಿ ಸಾಲದು. ಇದಕ್ಕಿಂತ ಅಗ್ಗದ ಪರೀಕ್ಷೆ ಗ್ಯಾರೇಜ್ ಲೋಕದಲ್ಲಿಲ್ಲ. ಆದರೂ ಬೆಲ್ಟ್ ಮಾರುವ ಮೊದಲು ಯಾರೂ ಇದನ್ನು ಮಾಡುವುದಿಲ್ಲ!

ಕಿವಿಯೂ ಅದನ್ನೇ ಹೇಳುತ್ತದೆ. ನೇರ ತಪ್ಪಿದ ಬೆಲ್ಟಿನದು 'ಚಿವ್ ಚಿವ್ ಚಿವ್', ಮರಿಹಕ್ಕಿಯ ಹಾಗೆ ತಾಳಬದ್ಧ. ಎಂಜಿನ್ ವೇಗ ಹೆಚ್ಚಿಸಿದರೆ ತಾಳವೂ ಚುರುಕಾಗುತ್ತದೆ. ಸಡಿಲ ಬೆಲ್ಟಿನದು ಉದ್ದನೆಯ 'ಕೀಂ...', ಹೊರೆ ಬಿದ್ದಾಗ ಮಾತ್ರ: ಸ್ಟಾರ್ಟ್ ಮಾಡಿದಾಗ, ಕಂಪ್ರೆಸರನ್ನು ಬೆಲ್ಟಿಗೆ ಜೋಡಿಸುವ ಎಸಿಯ ಕ್ಲಚ್ 'ಟಕ್' ಅಂದಾಗ, ಹಳೆಯ ಹೈಡ್ರಾಲಿಕ್ ಸ್ಟೇರಿಂಗ್ ಕಾರಾದರೆ ಕೊನೆಯವರೆಗೂ ತಿರುಗಿಸಿದಾಗ. ನಿಮ್ಮದು ಈ ಎರಡನೇ ಜಾತಿ ಅನ್ನುವುದು ಪತ್ರದಲ್ಲೇ ಗೊತ್ತಾಗುತ್ತದೆ. ನೀರಿನ ಪರೀಕ್ಷೆ ಅದಕ್ಕೆ ಸಹಿ ಹಾಕಲಿ.

ಈಗ ಮೂರು ವಾರದ ಲೆಕ್ಕ. ನಿಮ್ಮ ವಯಸ್ಸಿನ ಸಣ್ಣ ಕಾರುಗಳಲ್ಲಿ ತಾನೇ ಬಿಗಿ ಹಿಡಿಯುವ ಸ್ಪ್ರಿಂಗ್ ಟೆನ್ಷನರ್ ಎಷ್ಟರಲ್ಲೋ ಇರುವುದಿಲ್ಲ, ಆಲ್ಟರ್ನೇಟರನ್ನೇ ಹಿಂದಕ್ಕೆ ಸರಿಸಿ ಬಿಗಿ ಮಾಡುವ ವ್ಯವಸ್ಥೆ. ಆಲ್ಟರ್ನೇಟರಿನ ಒಂದು ಬದಿಯಲ್ಲಿ ಸೀಳಿರುವ ಪಟ್ಟಿ, ಅದರೊಳಗೊಂದು ಬೋಲ್ಟ್ ಕಂಡರೆ ನಿಮ್ಮದು ಅದೇ. ಹೊಸ ಬೆಲ್ಟ್ ಹೊಸ ಚಪ್ಪಲಿಯ ಹಾಗೆ, ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಪುಲಿಯ ಗೀರುಗಳಿಗೆ ಒಗ್ಗಿ ಕೂರುತ್ತದೆ, ಕೂತಾಗ ಒಂದಿಷ್ಟು ಬಿಗಿ ಕಳೆದುಕೊಳ್ಳುತ್ತದೆ. ಹಾಗಾಗಿ ಹೊಸ ಬೆಲ್ಟ್ ಹಾಕಿದವರು ಸ್ವಲ್ಪ ಓಡಿಸಿ ಮತ್ತೊಮ್ಮೆ ಬಿಗಿ ಮಾಡಲೇಬೇಕು. ನಿಮ್ಮ ಗ್ಯಾರೇಜಿನವರು ಎರಡೂ ಸಲ ಈ ಎರಡನೇ ಸುತ್ತನ್ನು ಬಿಟ್ಟಿರಬಹುದು. ಗಿರಾಕಿಯೂ ಸದ್ದು ನಿಂತಿತಲ್ಲ ಅಂತ ಆ ಕಡೆ ತಲೆ ಹಾಕಿರುವುದಿಲ್ಲ.

ಬಿಗಿ ನೋಡುವುದು ಹೀಗೆ. ಎಂಜಿನ್ ತಣ್ಣಗಿರಬೇಕು, ಕೀ ಜೇಬಿನಲ್ಲಿರಬೇಕು. ಎರಡು ಪುಲಿಗಳ ನಡುವೆ ಅತಿ ಉದ್ದಕ್ಕೆ ಬೆಲ್ಟ್ ಎಲ್ಲಿ ಹಾದಿದೆಯೋ ಅದರ ಮಧ್ಯಕ್ಕೆ ಹೆಬ್ಬೆರಳಿನಿಂದ ಹತ್ತು ಕೆ.ಜಿ. ಭಾರದಷ್ಟು ಒತ್ತಿ. ಹತ್ತು ಕೆ.ಜಿ. ಅಂದರೆ ಎಷ್ಟು ಅಂತ ಹೆಬ್ಬೆರಳಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಮೊದಲು ತೂಕದ ಯಂತ್ರದ ಮೇಲೆ ನಾಲ್ಕು ಸಲ ಒತ್ತಿ ಕಲಿಸಿ. ನಾನು ಹುಡುಗರಿಗೆ ಕಲಿಸುವುದು ಹಾಗೆಯೇ, ಅಡಿಕೆ ತೂಗುವ ತಕ್ಕಡಿಯಾದರೂ ಆಗುತ್ತದೆ. ಸಾಮಾನ್ಯವಾಗಿ 7ರಿಂದ 10 ಮಿ.ಮೀ. ತಗ್ಗಿದರೆ ಸರಿ, ಹೊಸ ಬೆಲ್ಟಾದರೆ ಇನ್ನೂ ಕಡಿಮೆ. ನಿಮ್ಮ ಕಾರಿನ ನಿಖರ ಅಳತೆ ಸರ್ವಿಸ್ ಪುಸ್ತಕದಲ್ಲಿರುತ್ತದೆ, ಅದೇ ಕೊನೆಯ ಮಾತು. ಬೆರಳು ಒಂದು ಇಂಚು ಒಳಗೆ ಹೋದರೆ ಕಾರಣ ಬೇರೆ ಹುಡುಕಬೇಕಿಲ್ಲ.

ಬಿಗಿ ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಆಲ್ಟರ್ನೇಟರಿನ ಹಿಂದಿನ ದಪ್ಪ ತಂತಿಯಲ್ಲಿ ಕೀ ತೆಗೆದಿದ್ದರೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ. ಆಲ್ಟರ್ನೇಟರ್ ತಿರುಗಿಕೊಳ್ಳುವ ಕೆಳಗಿನ ಬೋಲ್ಟನ್ನು ಸ್ವಲ್ಪ, ಸೀಳುಪಟ್ಟಿಯ ಬೋಲ್ಟನ್ನು ಸ್ವಲ್ಪ ಸಡಿಲಿಸಿ. ಹೊಂದಿಸುವ ಉದ್ದನೆಯ ಬೋಲ್ಟ್ ಇದ್ದರೆ ಅದನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ ಬೆರಳಿನಿಂದ ನೋಡುತ್ತಾ ಹೋಗಿ. ಆಮೇಲೆ ಮೊದಲು ಸೀಳುಪಟ್ಟಿ, ನಂತರ ಕೆಳಗಿನ ಬೋಲ್ಟ್ ಬಿಗಿ ಮಾಡಿ ಇನ್ನೊಮ್ಮೆ ಅಳೆಯಿರಿ, ಏಕೆಂದರೆ ಬಿಗಿಯುವಾಗ ಅಳತೆ ಸರಿಯುತ್ತದೆ. ಐದು ನಿಮಿಷ ಓಡಿಸಿ, ತಣಿಯಲು ಬಿಟ್ಟು ಮತ್ತೊಂದು ಸಲ ನೋಡಿ. ಮುಂದಿನ 500 ಕಿಲೋಮೀಟರಿಗೆ ಇನ್ನೊಂದು ಸಲ.

ಸದ್ದು ಬೇಡವೆಂದು ತಂತಿಯ ಹಾಗೆ ಎಳೆದು ಕಟ್ಟುವವರಿದ್ದಾರೆ. ಕೀರಲು ಖಂಡಿತ ನಿಲ್ಲುತ್ತದೆ. ಆರು ತಿಂಗಳಿಗೆ ಆಲ್ಟರ್ನೇಟರಿನ ಬೇರಿಂಗ್ 'ಗುಂಯ್' ಅನ್ನಲು ಶುರು ಮಾಡುತ್ತದೆ, ವಾಟರ್ ಪಂಪಿನ ಸೀಲು ಒಸರುತ್ತದೆ. ಕೆಲವು ನೂರು ರೂಪಾಯಿಯ ಬೆಲ್ಟಿನ ಸದ್ದಿಗೆ ಕೆಲವು ಸಾವಿರದ ಭಾಗ ಬಲಿ.

ಆ ಸ್ಪ್ರೇ ವಿಚಾರ. ಹಿಂದೆ ಅಕ್ಕಿ ಗಿರಣಿಗಳಲ್ಲಿ ಅಗಲವಾದ ಚಪ್ಪಟೆ ಬೆಲ್ಟ್ ಜಾರಿದರೆ ರಾಳದ ಪುಡಿ ಎರಚುತ್ತಿದ್ದರು. ಆ ಬೆಲ್ಟಿಗೆ, ಆ ಕಾಲಕ್ಕೆ ಅದು ಸರಿ. ಅದೇ ಬುದ್ಧಿ ಈಗ ಡಬ್ಬಿಯಲ್ಲಿ ಬಂದಿದೆ. ಗೀರುಬೆಲ್ಟಿಗೆ ಅಂಟು ಹೊಡೆದರೆ ಎರಡು ದಿನ ಕಚ್ಚಿ ಹಿಡಿಯುತ್ತದೆ, ಆಮೇಲೆ ನಮ್ಮ ಕೆಂಪು ಧೂಳೆಲ್ಲ ಆ ಅಂಟಿಗೆ ಮೆತ್ತಿಕೊಂಡು ಗೀರಿನ ತಳದಲ್ಲಿ ಗಟ್ಟಿಯಾಗುತ್ತದೆ. ಏಣು ಗೀರಿನೊಳಗೆ ಪೂರ್ತಿ ಇಳಿಯದೆ ಮೇಲೆಮೇಲೆ ಕೂರುತ್ತದೆ, ಹಿಡಿತ ಮೊದಲಿಗಿಂತ ಕಡಿಮೆಯಾಗುತ್ತದೆ. ಸೋಪು, ಮೇಣದ ಬತ್ತಿ, ತೆಂಗಿನೆಣ್ಣೆ, ಮುಖಕ್ಕೆ ಹಾಕುವ ಪೌಡರು, ಎಲ್ಲವನ್ನೂ ನೋಡಿದ್ದೇನೆ. ಎಣ್ಣೆ ಹಾಕಿದರೆ ಸದ್ದು ನಿಲ್ಲುವುದು ಆಶ್ಚರ್ಯವಲ್ಲ, ಜಾರುವುದು ಈಗ ಸದ್ದಿಲ್ಲದೆ ನಡೆಯುತ್ತದೆ ಅಷ್ಟೇ.

ನಿಮ್ಮ ಪುಲಿಗಳಲ್ಲಿ ಈ ಅಂಟು ಇದ್ದೇ ಇರುತ್ತದೆ, ಹಾಗಾಗಿ ಬಿಗಿ ಮಾಡುವ ದಿನವೇ ಬೆಲ್ಟ್ ಕಳಚಿ ಶುಚಿ ಮಾಡಿಬಿಡಿ. ಕಳಚುವ ಮುಂಚೆ ಬೆಲ್ಟ್ ಹಾದಿರುವ ದಾರಿಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಡಿ. ಹಳೆಯ ಹಲ್ಲುಜ್ಜುವ ಬ್ರಶ್ಶು, ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ಗೀರು ಗೀರನ್ನೂ ಉಜ್ಜಿ, ಕಪ್ಪು ಅಂಟಿನ ಉಂಡೆಗಳು ಹೊರಬರುತ್ತವೆ. ಬ್ರೇಕ್ ಕ್ಲೀನರ್ ಬಳಸುವುದಾದರೆ ಬಟ್ಟೆಗೆ ಹೊಡೆದು ಒರೆಸಿ, ನೇರ ಪುಲಿಗೆ ಹೊಡೆದರೆ ಬೇರಿಂಗಿನ ಗ್ರೀಸ್ ತೊಳೆದುಹೋಗುತ್ತದೆ. ಬೆಲ್ಟನ್ನೂ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಎಂಜಿನ್ ಆಯಿಲ್ ಅಥವಾ ಕೂಲೆಂಟ್ ಕುಡಿದು ಉಬ್ಬಿದ ಬೆಲ್ಟಾದರೆ ತೊಳೆದು ಪ್ರಯೋಜನವಿಲ್ಲ. ಆಗಲೂ ಹೊಸ ಬೆಲ್ಟ್ ಹಾಕುವ ಮೊದಲು ಮೇಲಿನಿಂದ ಎಣ್ಣೆ ಎಲ್ಲಿ ಸೋರುತ್ತಿದೆ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಹಸಿರೋ ಕೆಂಪೋ ಬಣ್ಣದ ಒಸರಿನ ಗುರುತಿದೆಯೇ ನೋಡಬೇಕು.

ಮರಳಿ ಹಾಕುವಾಗ ಪ್ರತಿಯೊಂದು ಪುಲಿಯಲ್ಲೂ ಏಣುಗಳನ್ನು ಎಣಿಸಿ. ಒಂದು ಏಣು ಹೊರಗೆ ಬಿಟ್ಟು ಕೂರಿಸಿದರೆ ಬೆಲ್ಟ್ ಆ 3.56 ಮಿ.ಮೀ. ಅಡ್ಡಕ್ಕೆ ಓಡುತ್ತದೆ, 'ಚಿವ್ ಚಿವ್' ಶುರು, ಕೆಲವೇ ದಿನದಲ್ಲಿ ಅಂಚಿನ ನೂಲು ಕಿತ್ತುಬರುತ್ತದೆ. ಅನುಭವಿಗಳ ಕೈಯಲ್ಲೂ ಆಗುವ ತಪ್ಪು ಇದು, ಕೆಳಗಿನ ಕ್ರ್ಯಾಂಕ್ ಪುಲಿ ಕಣ್ಣಿಗೆ ಕಾಣುವುದಿಲ್ಲ ನೋಡಿ. ಕನ್ನಡಿ ಹಿಡಿದು ನೋಡಿ, ಇಲ್ಲವೇ ಮೊಬೈಲ್ ಕೆಳಗೆ ತೂರಿಸಿ ಫೋಟೋ ತೆಗೆಯಿರಿ.

ಬೆಲ್ಟ್ ಕಳಚಿದಾಗ ಇನ್ನೊಂದು ಉಪಕಾರ ಮಾಡಿಕೊಳ್ಳಿ. ಒಂದೊಂದು ಪುಲಿಯನ್ನೂ ಕೈಯಲ್ಲಿ ತಿರುಗಿಸಿ. ನುಣ್ಣಗೆ ತಿರುಗಬೇಕು. ಒಳಗೆ ರವೆ ಸಿಕ್ಕಿದಂತೆ 'ಕರಕರ' ಅಂದರೆ ಬೇರಿಂಗ್ ಹೋಗಿದೆ. ಹಿಡಿದು ಅಲ್ಲಾಡಿಸಿದರೆ ಆಟ ಇರಬಾರದು. ಕ್ರ್ಯಾಂಕ್ ಪುಲಿ ಎಷ್ಟೋ ಎಂಜಿನ್ನುಗಳಲ್ಲಿ ಎರಡು ತುಂಡು, ಒಳಗಿನ ಗುಂಭಕ್ಕೂ ಹೊರಗಿನ ಬಳೆಗೂ ನಡುವೆ ರಬ್ಬರ್ ಇರುತ್ತದೆ. ಹತ್ತು ವರ್ಷದ ಬಿಸಿಗೆ ಆ ರಬ್ಬರ್ ಬಿರಿದು ಹೊರಬಳೆ ನಿಧಾನವಾಗಿ ಒಂದು ಕಡೆಗೆ ಸರಿಯುತ್ತದೆ. ಎಂಜಿನ್ ಓಡುವಾಗ ಪಕ್ಕದಿಂದ ನೋಡಿದರೆ ಪುಲಿ ಸೊಟ್ಟ ಸೈಕಲ್ ಚಕ್ರದ ಹಾಗೆ ಒಲೆಯುವುದು ಕಾಣುತ್ತದೆ.

ಪುಲಿ ನೇರ ತಪ್ಪಿದ ಪಾಠ ನನಗೆ ಕಲಿಸಿದ್ದು ಒಂದು ಹಳೆಯ ಜೀಪು. ನಾನು ಸ್ವಂತ ಗ್ಯಾರೇಜ್ ಹಾಕಿದ ಹೊಸತು. ಬೆಲ್ಟ್ ಚಿವುಗುಟ್ಟುತ್ತಿದೆ ಅಂತ ಜೀಪು ಬಂತು, ಬೆಲ್ಟ್ ಬದಲಿಸಿದೆ. ಹತ್ತು ದಿನಕ್ಕೆ ವಾಪಸ್ ಬಂತು, ಬೇರೆ ಬ್ರ್ಯಾಂಡಿನದು ಹಾಕಿದೆ. ಮತ್ತೆ ಬಂತು. ಯಜಮಾನರು ಏನೂ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿದ್ದು. ಪಕ್ಕದ ಲೇತಿನ ಹಿರಿಯರು ಚಹಾ ಕುಡಿಯಲು ಬಂದವರು ಒಂದೂ ಮಾತಾಡದೆ ಎರಡಡಿ ಉಕ್ಕಿನ ಸ್ಕೇಲ್ ತಂದು ಕ್ರ್ಯಾಂಕ್ ಪುಲಿಯ ಮುಖಕ್ಕೆ ಒತ್ತಿ ಹಿಡಿದರು. ಸ್ಕೇಲಿನ ಇನ್ನೊಂದು ತುದಿಗೂ ಆಲ್ಟರ್ನೇಟರ್ ಪುಲಿಗೂ ನಡುವೆ ಎರಡು ನಾಣ್ಯ ಜೋಡಿಸಿ ತೂರುವಷ್ಟು ಸಂದು. ಆಲ್ಟರ್ನೇಟರ್ ಕೂರುವ ಬೋಲ್ಟಿನ ತೂತು ಸವೆದು ಮೊಟ್ಟೆಯಾಕಾರವಾಗಿತ್ತು. ನಾನು ಬೆಲ್ಟ್ ಬಿಗಿ ಮಾಡಿದಷ್ಟೂ ಆಲ್ಟರ್ನೇಟರ್ ಮೂತಿ ಸೊಟ್ಟ ಮಾಡುತ್ತಿತ್ತು. ಅವರೇ ಒಂದು ಹಿತ್ತಾಳೆ ಬುಷ್ ಕಡೆದುಕೊಟ್ಟರು, ಹಿಂದೆ ಒಂದು ವಾಷರ್ ಹಾಕಿದೆವು. ಸದ್ದು ಹೋಯಿತು. ಎರಡು ಬೆಲ್ಟಿನ ದುಡ್ಡು ನಾನು ವಾಪಸ್ ಕೊಟ್ಟೆ. ಎರಡು ಪುಲಿಗಳ ನಡುವೆ ಒಂದು ಅಡಿ ದೂರವಿದ್ದರೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಓರೆ ಇರಬಾರದು ಅನ್ನುವ ಲೆಕ್ಕ ಆಮೇಲೆ ತಿಳಿಯಿತು. ಆ ಸ್ಕೇಲ್ ಮಾತ್ರ ಅಂದಿನಿಂದ ನನ್ನ ಟೂಲ್ ಬಾಕ್ಸಿನಲ್ಲೇ ಇದೆ.

ಮಳೆಗಾಲದಲ್ಲಿ ಹೆಚ್ಚು ಅಂದಿರಿ. ಬಗ್ಗಿ ಎಂಜಿನ್ ಕೆಳಗೆ, ಬೆಲ್ಟ್ ಇರುವ ಕಡೆಯ ಮುಂದಿನ ಚಕ್ರದ ಒಳಗೆ ನೋಡಿ. ಅಲ್ಲೊಂದು ಕಪ್ಪು ಪ್ಲಾಸ್ಟಿಕ್ ಮರೆ ಇರಬೇಕು. ತೋಟದ ದಾರಿಯ ಕಲ್ಲಿಗೆ ತಾಗಿ ಕಿತ್ತುಹೋಗಿರುತ್ತದೆ, ಅಥವಾ ಆಯಿಲ್ ಬದಲಿಸುವಾಗ ಬಿಚ್ಚಿದವರು ಮರಳಿ ಹಾಕಿರುವುದಿಲ್ಲ. ಅದಿಲ್ಲದಿದ್ದರೆ ಚಕ್ರ ಎರಚುವ ಕೆಸರು ನೀರೆಲ್ಲ ನೇರ ಕ್ರ್ಯಾಂಕ್ ಪುಲಿಗೆ. ಆ ಮರೆ ಹಾಕಿಸದೆ ಎಂಥ ಬೆಲ್ಟ್ ಹಾಕಿದರೂ ಮಳೆಯಲ್ಲಿ ಕೂಗೇ ಕೂಗುತ್ತದೆ.

ಎಸಿ ಹಾಕಿದಾಗಿನ ಸದ್ದು ಬಿಗಿ ಮಾಡಿದ ಮೇಲೆ ನಿಲ್ಲಬೇಕು. ಕ್ಲಚ್ 'ಟಕ್' ಅಂದ ಮೇಲೂ ಬಿಡದೆ ಕೂಗುತ್ತಲೇ ಇದ್ದರೆ ಕಂಪ್ರೆಸರ್ ಒಳಗೇ ಬಿಗಿದುಕೊಂಡಿರಬಹುದು, ಎಸಿಯವರಿಗೆ ತೋರಿಸಿ. ಎಸಿ ಹಾಕದಿದ್ದಾಗಲೂ ಸದಾ ಗೊರಗೊರ ಅಂದರೆ ಕಂಪ್ರೆಸರಿನ ಪುಲಿ ಬೇರಿಂಗ್ ಕಡೆ ನೋಡಬೇಕು.

ಇದನ್ನು ಓದುತ್ತಿರುವ ಬೇರೆಯವರ ಕಾರಿನಲ್ಲಿ ಸ್ಪ್ರಿಂಗ್ ಟೆನ್ಷನರ್ ಇರಬಹುದು. ಅಲ್ಲಿ ಬಿಗಿ ಮಾಡಲು ಬೋಲ್ಟ್ ಇಲ್ಲ, ಸ್ಪ್ರಿಂಗ್ ಸೋತರೆ ಟೆನ್ಷನರನ್ನೇ ಬದಲಿಸಬೇಕು. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಅದರ ತೋಳನ್ನು ನೋಡಿ. ಸಣ್ಣಗೆ ನಡುಗುವುದು ಸಹಜ, ಕಪ್ಪೆಯ ಹಾಗೆ ಕುಪ್ಪಳಿಸುತ್ತಿದ್ದರೆ ಒಂದೋ ಟೆನ್ಷನರ್ ಮುಗಿದಿದೆ, ಇಲ್ಲವೇ ಆಲ್ಟರ್ನೇಟರಿನ ಒಮ್ಮುಖ ಪುಲಿ ಸಿಕ್ಕಿಕೊಂಡಿದೆ. ಡೀಸೆಲ್ ಕಾರುಗಳಲ್ಲಿ ಈ ಪುಲಿ ಹೆಚ್ಚು. ಬೆಲ್ಟ್ ಕಳಚಿ ಕೈಯಲ್ಲಿ ತಿರುಗಿಸಿದರೆ ಒಂದು ದಿಕ್ಕಿಗೆ ಆಲ್ಟರ್ನೇಟರನ್ನೂ ಹಿಡಿದು ತಿರುಗಬೇಕು, ಇನ್ನೊಂದು ದಿಕ್ಕಿಗೆ ಸೈಕಲ್ಲಿನ ಫ್ರೀವೀಲಿನ ಹಾಗೆ ಸುಮ್ಮನೆ ಬಿಡಬೇಕು. ಎರಡೂ ಕಡೆ ಹಿಡಿದರೂ ತಪ್ಪು, ಎರಡೂ ಕಡೆ ಬಿಟ್ಟರೂ ತಪ್ಪು. ಟೆನ್ಷನರೂ ಇಲ್ಲದೆ, ಹೊಂದಿಸುವ ಬೋಲ್ಟೂ ಇಲ್ಲದೆ ತಾನೇ ಹಿಗ್ಗಿ ಹಿಡಿಯುವ ಬೆಲ್ಟುಗಳೂ ಬಂದಿವೆ. ಅವನ್ನು ಸ್ಕ್ರೂಡ್ರೈವರ್ ಹಾಕಿ ಮೀಟಿ ಕೂರಿಸಬೇಡಿ, ಒಳಗಿನ ನೂಲು ಕಡಿಯುತ್ತದೆ. ಒಮ್ಮೆ ಕಳಚಿದ್ದನ್ನು ಮರಳಿ ಹಾಕುವಂತೆಯೂ ಇಲ್ಲ.

ಬೆಲ್ಟ್ ಚೆನ್ನಾಗಿದೆಯೋ ಇಲ್ಲವೋ ಅನ್ನುವುದನ್ನು ಬಿರುಕು ನೋಡಿ ತೀರ್ಮಾನಿಸುವ ಕಾಲ ಹೋಯಿತು. ಹಳೆಯ ನಿಯೋಪ್ರಿನ್ ಬೆಲ್ಟುಗಳು ಒಣಗಿದ ಗದ್ದೆಯ ಹಾಗೆ ಬಿರಿಯುತ್ತಿದ್ದವು. ಈಗಿನ ಇಪಿಡಿಎಂ ರಬ್ಬರ್ ಬಿರಿಯುವುದು ಕಡಿಮೆ, ಟೈರಿನ ಹಾಗೆ ಸವೆಯುತ್ತದೆ. ಏಣು ಸವೆದು ಗೀರಿನ ತಳಕ್ಕೆ ಮುಟ್ಟಿದ ಬೆಲ್ಟ್ ನೋಡಲು ಹೊಸದರಂತೆಯೇ ಇರುತ್ತದೆ, ಆದರೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಒಂದು ಹೊಸ ಬೆಲ್ಟಿನ ಪಕ್ಕ ಹಿಡಿದು ಗೀರಿನ ಅಗಲ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. ನಿಮ್ಮದು ಇನ್ನೂ ಹೊಸದು, ಆ ಚಿಂತೆ ಸದ್ಯಕ್ಕಿಲ್ಲ.

ಇನ್ನು ಮಣಿಪಾಲದ ಪ್ರಯಾಣ. ಬಿಗಿ ಮಾಡಿಸಿ, ಶುಚಿ ಮಾಡಿಸಿ, ಬ್ಯಾಟರಿ ಅಳೆಸಿ ಹೊರಟರೆ ಅಂಜಬೇಕಿಲ್ಲ. ಅಷ್ಟು ಸಮಯವಿಲ್ಲ ಅಂದರೆ ಬಿಗಿ ಒಂದನ್ನಾದರೂ ನೋಡಿಸಿ. ನಿಮ್ಮ ಕಾರಿನ ವಾಟರ್ ಪಂಪ್ ಈ ಬೆಲ್ಟಿನಲ್ಲೇ ತಿರುಗುತ್ತದೆಯೇ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ ತಿಳಿದುಕೊಳ್ಳಿ, ಉಳಿದದ್ದು ಅದರ ಮೇಲೆ ನಿಂತಿದೆ. ದಾರಿಯಲ್ಲಿ ಕೆಂಪು ಬ್ಯಾಟರಿ ದೀಪ ಹತ್ತಿ ಉಳಿದುಕೊಂಡರೆ ಬೆಲ್ಟ್ ಕಡಿದಿರಬಹುದು ಇಲ್ಲವೇ ಪೂರ್ತಿ ಜಾರುತ್ತಿರಬಹುದು. ಪಂಪ್ ಅದರಲ್ಲೇ ಇದ್ದರೆ ಜಾಗ ನೋಡಿ ತಕ್ಷಣ ನಿಲ್ಲಿಸಿ, ಉಷ್ಣತೆಯ ಮುಳ್ಳು ಮೇಲೇರುವವರೆಗೆ ಕಾಯಬೇಡಿ. ಆಗುಂಬೆಯ ತಿರುವುಗಳಲ್ಲಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಆದ್ದರಿಂದ ಘಾಟಿ ಇಳಿಯುವ ಮೊದಲು ಮೇಲೆ ಆಗುಂಬೆಯಲ್ಲೇ ಒಮ್ಮೆ ನಿಲ್ಲಿಸಿ, ಬಾನೆಟ್ ಎತ್ತಿ ಬೆಲ್ಟಿನ ಅಂಚಿನಲ್ಲಿ ನೂಲು ಎದ್ದಿದೆಯೇ ನೋಡಿಕೊಂಡು ಹೊರಡಿ. ಪಂಪ್ ಬೇರೆ ಕಡೆ ಇದ್ದರೆ ಎಸಿ, ರೇಡಿಯೋ ಎಲ್ಲ ಆರಿಸಿ ಬ್ಯಾಟರಿಯ ಮೇಲೆಯೇ ಒಂದಿಷ್ಟು ದೂರ, ಹತ್ತಿರದ ಗ್ಯಾರೇಜಿನವರೆಗೆ ಹೋಗಬಹುದು. ಆದರೆ ನಿಮ್ಮ ಐದು ವರ್ಷದ ಬ್ಯಾಟರಿಯನ್ನು ನಂಬಿ ಘಾಟಿಯ ಬುಡದ ಸೋಮೇಶ್ವರ ದಾಟುವ ಸಾಹಸ ಬೇಡ. ಕರೆಂಟ್ ಸ್ಟೇರಿಂಗೂ ಅದನ್ನೇ ಕುಡಿಯುತ್ತದೆ. ಮೊದಲ ಸಲ ಕಳಚಿದ ಹಳೆಯ ಬೆಲ್ಟನ್ನು ಮೆಕ್ಯಾನಿಕ್ ಎಸೆಯದೆ ಇಟ್ಟಿದ್ದರೆ ಕೇಳಿ ತಂದು ಡಿಕ್ಕಿಯಲ್ಲಿ ಹಾಕಿಕೊಳ್ಳಿ, ಜೊತೆಗೆ 12 ಮತ್ತು 14ರ ಸ್ಪ್ಯಾನರ್.